ನೋಡೋಣ ವೇಣು ಪರೀಕ್ಷೆ ಬರೆದದ್ದು

ಜನವರಿ 19, ಭಾನುವಾರ

ಈ ಡೈರಿ ಹಾಲಿನ ಸೊಸೈಟಿಯವರು ಹೊಸ ವರ್ಷಕ್ಕೆ ಅಮ್ಮನಿಗೆ ಕೊಟ್ಟದ್ದು. ಅಮ್ಮನಿಗೆ ಓದು ಬರಹ ಬಾರದು, ಹಾಗಾಗಿ ನನ್ನ ಪಾಲಿಗೆ ಬಂತು. ದಿನಾ ಓದಿದ್ದನ್ನು ದಿನಾ ಬರೆದಿಟ್ಟರೆ ತಲೆಯಲ್ಲಿ ನಿಲ್ಲುತ್ತದೆ ಎಂದು ಮಗಳು ಸಿಂಚನ ಹೇಳುತ್ತಾಳೆ. ಸರಿ, ಬರೆಯೋಣ. ಇದು ನನಗೆ ಮಾತ್ರ. ಬೇರೆ ಯಾರಾದರೂ ತೆರೆದು ಓದಿದರೆ ಅವರ ಮನೆಯ ಇಂಟರ್ನೆಟ್ ಕಟ್ ಮಾಡುತ್ತೇನೆ. ಅಷ್ಟು ಅಧಿಕಾರ ಈಗಲೂ ನನಗಿದೆ.

ಎಷ್ಟು ದಿನ ಇರುತ್ತದೋ ಗೊತ್ತಿಲ್ಲ. ನಂದಗುಡಿ ಸುತ್ತಮುತ್ತ ದೊಡ್ಡ ಡಿಶ್ಶಿನ ಕಾಲದಿಂದ ಕೇಬಲ್ ಎಳೆದವನು ನಾನು. ಕಂಬ ಹತ್ತಿದ್ದು ನಾನು, ಜೇನುಹುಳದ ಕೈಲಿ ಕಚ್ಚಿಸಿಕೊಂಡಿದ್ದು ನಾನು, ಕ್ರಿಕೆಟ್ ಮ್ಯಾಚಿನ ದಿನ ಕರೆಂಟ್ ಹೋದರೂ ಬೈಗುಳ ತಿಂದಿದ್ದು ನಾನು. ಹೋದ ವರ್ಷ ಬೆಂಗಳೂರಿನ ಕಂಪನಿಯೊಂದು ನನ್ನ ಲೈನುಗಳನ್ನೆಲ್ಲ ತೆಗೆದುಕೊಂಡು ನನ್ನನ್ನೇ ಏರಿಯಾ ಸೂಪರ್‌ವೈಸರ್ ಮಾಡಿತು. ಈಗ ಫೋನ್ ಮಾಡಿ ಹೇಳುತ್ತಾರೆ: ಸೂಪರ್‌ವೈಸರ್ ಆಗಿ ಉಳಿಯಬೇಕಾದರೆ ಮೇ ಕೊನೆಯೊಳಗೆ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಪರೀಕ್ಷೆ ಪಾಸು ಮಾಡಬೇಕು. ಇಲ್ಲದಿದ್ದರೆ ಬೆಂಗಳೂರಿನಿಂದ ಒಬ್ಬ ಬರುತ್ತಾನೆ, ನಾನು ಅವನ ಕೈಕೆಳಗೆ ಕೇಬಲ್ ಎಳೆಯಬೇಕು. ನಾನು ನೆಟ್ಟ ಕಂಬಗಳಿಗೆ ಇನ್ಯಾರೋ ಯಜಮಾನ. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ನನಗೆ ನಲವತ್ತಮೂರು. ಪುಸ್ತಕ ಮುಟ್ಟಿ ಯಾವ ಕಾಲವಾಯಿತೋ.

ದಿನಸಿ ಅಂಗಡಿಯ ಆಂಜಿನಪ್ಪ ಬೆಳಿಗ್ಗೆ ಕೇಳಿದ, ಈ ವಯಸ್ಸಿನಲ್ಲಿ ಪರೀಕ್ಷೆ ಬರೀತೀಯೇನಪ್ಪಾ ಅಂತ. ನೋಡೋಣ ಅಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಈ ಊರಿನಲ್ಲಿ ವೇಣುಗೋಪಾಲ ಅನ್ನುವವರು ಮೂರು ಜನ. ಒಬ್ಬ ಹಾಲಿನ ವೇಣು, ಒಬ್ಬ ಟ್ರ್ಯಾಕ್ಟರ್ ವೇಣು, ನಾನು ನೋಡೋಣ ವೇಣು. ಕೇಬಲ್ ವೇಣು ಅನ್ನಬಹುದಿತ್ತು, ಅನ್ನಲಿಲ್ಲ. ಆ ಹೆಸರು ಯಾಕೆ ಬಂತು ಅನ್ನುವುದನ್ನು ಆಮೇಲೆ ಬರೆಯುತ್ತೇನೆ.

ಫೆಬ್ರವರಿ 2, ಭಾನುವಾರ

ಹೊಸಕೋಟೆಯಲ್ಲಿ ಕ್ಲಾಸಿಗೆ ಸೇರಿದೆ. ಪೇಂಟ್ ಅಂಗಡಿಯ ಮೇಲಿನ ಮಹಡಿ, ಭಾನುವಾರ ಮಾತ್ರ. ಒಳಗೆ ಹೋದರೆ ಎಲ್ಲರೂ ಹೆಚ್ಚುಕಡಿಮೆ ಸಿಂಚನಳ ವಯಸ್ಸಿನವರು. ಪಾಠ ಹೇಳುವ ಅಕ್ಷತ ಅನ್ನುವ ಹುಡುಗಿಗೂ ಇಪ್ಪತ್ತೈದು ದಾಟಿರಲಾರದು. ನನ್ನನ್ನು ನೋಡಿ, "ಅಂಕಲ್, ಮಗನ್ನ ಸೇರಿಸೋಕೆ ಬಂದ್ರಾ?" ಅಂದಳು. ಸೇರುವವನು ನಾನೇ ಅಂದೆ. ಪಾಪ, ಅವಳ ಮುಖ ಕೆಂಪಾಯಿತು. ನನ್ನದೂ ಆಗಿರಬೇಕು, ನನ್ನ ಬಣ್ಣಕ್ಕೆ ಗೊತ್ತಾಗಲಿಲ್ಲ ಅಷ್ಟೆ. ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಅದು ನನ್ನ ಹಳೇ ಜಾಗ.

ಇವತ್ತಿನ ಪಾಠ ಸಬ್‌ನೆಟ್. ವಿಳಾಸಗಳ ಒಂದು ದೊಡ್ಡ ಗುಂಪನ್ನು ಸಣ್ಣ ಸಣ್ಣ ಗುಂಪುಗಳಾಗಿ ಒಡೆದು, ಯಾವ ಕಂಪ್ಯೂಟರ್ ಯಾವ ಗುಂಪಿನದು ಅಂತ ಲೆಕ್ಕ ಹಾಕಿ ಹೇಳಬೇಕು. ಪಕ್ಕದ ಹುಡುಗಿ ಪೆನ್ನು ಎತ್ತುವುದಕ್ಕೆ ಮುಂಚೆ ಉತ್ತರ ಹೇಳುತ್ತಾಳೆ. ನಾನು ಬೆರಳು ಮಡಿಸಿ ಮುಗಿಸುವಷ್ಟರಲ್ಲಿ ಬೋರ್ಡು ಒರೆಸಿಯಾಗಿತ್ತು. ಕಂಬದ ಮೇಲೆ ಒಂದು ಕೈಯಲ್ಲಿ ನೇತಾಡಿಕೊಂಡು ಕೇಬಲ್ ಜೋಡಿಸುವವನಿಗೆ ಪೆನ್ನು ಹಿಡಿದು ಕೂರುವುದು ಇಷ್ಟು ಕಷ್ಟವೇ?

ಮನೆಗೆ ಬಂದರೆ ಸಿಂಚನಳದ್ದು ಬೇರೆ ರಗಳೆ. ಸಿಇಟಿ ಅರ್ಜಿ ತುಂಬುತ್ತಿದ್ದಾಳೆ. ಮಗಳು ಇಂಜಿನಿಯರ್ ಆಗುತ್ತಾಳೆ ಅಂತ ನಾನು ಊರಿಗೆಲ್ಲ ಡಂಗುರ ಸಾರಿದ್ದೇನೆ. ಅವಳಿಗೆ ಕೃಷಿ ಬಿ.ಎಸ್ಸಿ. ಬೇಕಂತೆ. ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೆ ನಾಡಕಚೇರಿಯಿಂದ ಸರ್ಟಿಫಿಕೇಟ್ ಬೇಕು, ಆಮೇಲೆ ಕಾಳು ಬೀಜ ಗುರುತಿಸುವ ಪ್ರಾಯೋಗಿಕ ಪರೀಕ್ಷೆ ಇರುತ್ತದೆ, ಸರ್ಟಿಫಿಕೇಟ್ ತಂದುಕೊಡುತ್ತೀಯಾ ಅಂತ ಕೇಳಿದಳು. ನಮ್ಮ ಹೊಲವೇ ಸರ್ಕಾರದ ಯಾವ ಯೋಜನೆಗೆ ಹೋಗುತ್ತದೋ ಅಂತ ಹೋಬಳಿಯೆಲ್ಲ ಮಾತಾಡುತ್ತಿರುವಾಗ ಇವಳು ಕೃಷಿ ಓದುತ್ತಾಳಂತೆ. ನೋಡೋಣ ಅಂದೆ.

ಫೆಬ್ರವರಿ 13, ಗುರುವಾರ

ಓದಲಿಲ್ಲ. ರಸ್ತೆ ಅಗಲ ಮಾಡುವ ಜೆಸಿಬಿ ನಮ್ಮ ಫೈಬರನ್ನು ಬೇರು ಸಮೇತ ಕಿತ್ತು ಹಾಕಿತು. ನಾನೂ ನನ್ನ ಜೊತೆ ಕೆಲಸ ಮಾಡುವ ಮಂಜೇಶನೂ ದಿನವಿಡೀ ಚರಂಡಿಯಲ್ಲಿದ್ದೆವು. ಇದಕ್ಕೆ ಯಾವ ಸರ್ಟಿಫಿಕೇಟೂ ಕೇಳುವುದಿಲ್ಲ.

ಫೆಬ್ರವರಿ 23, ಭಾನುವಾರ

ಕ್ಲಾಸಿನಲ್ಲಿ ಅಭ್ಯಾಸದ ಪರೀಕ್ಷೆ ಇಟ್ಟರು. ನೂರಕ್ಕೆ ಮೂವತ್ತೊಂದು. ಒಂದು ಪ್ರಶ್ನೆ ಹೀಗಿತ್ತು: ಗ್ರಾಹಕರ ಮನೆಯಲ್ಲಿ ನೆಟ್ ಬರುತ್ತಿಲ್ಲ, ಮೊದಲು ಏನು ಮಾಡುತ್ತೀರಿ? ನಾಲ್ಕು ಉತ್ತರ ಕೊಟ್ಟಿದ್ದಾರೆ. ಬಿಲ್ಲು ಕಟ್ಟಿದ್ದಾನಾ ಅಂತ ನೋಡುವುದು ಅದರಲ್ಲಿಲ್ಲ. ಇಲಿ ಕಡಿದಿದೆಯಾ ಅಂತ ನೋಡುವುದೂ ಇಲ್ಲ. ಆಫ್ ಮಾಡಿ ಆನ್ ಮಾಡುವುದಂತೂ ಇಲ್ಲವೇ ಇಲ್ಲ. ನಾನು ಇಷ್ಟು ವರ್ಷ ಮಾಡಿಕೊಂಡು ಬಂದದ್ದು ಏನು ಹಾಗಾದರೆ? ಅಕ್ಷತ ಮೇಡಂ (ಮೇಡಂ ಅಂತಲೇ ಬರೆಯಬೇಕು, ವಯಸ್ಸು ಎಷ್ಟಾದರೂ ಗುರು ಗುರುವೇ) ಸಮಾಧಾನವಾಗಿ, "ಅಂಕಲ್, ನೀವು ನಿಮ್ಮೂರಿನ ಪ್ರಶ್ನೆಗೆ ಉತ್ತರ ಹೇಳ್ತಿದೀರ. ಅಲ್ಲಿ ಕೇಳಿರೋ ಪ್ರಶ್ನೆಗೆ ಹೇಳಿ," ಅಂದರು.

ಬಿಂದು ನನ್ನ ಮುಖ ನೋಡಿಯೇ ಅಂಕ ಎಷ್ಟು ಬಂತು ಅಂತ ತಿಳಿದುಕೊಂಡಳು. ಹೆಂಡತಿಯಾದವಳಿಗೆ ಯಾವ ರಿಸಲ್ಟೂ ಪ್ರಿಂಟ್ ಮಾಡಿ ಕೊಡಬೇಕಾಗಿಲ್ಲ. ಫೋನ್ ಕಿತ್ತುಕೊಂಡು, ಇನ್ನು ಮೇಲೆ ಕಂಪ್ಲೇಂಟ್ ಕಾಲ್‌ಗಳಿಗೆಲ್ಲ ತಾನೇ ಉತ್ತರ ಹೇಳುತ್ತೇನೆ, ನೀವು ಮಹಡಿ ಮೇಲೆ ಕೂತು ಓದಿ ಅಂದಳು. ಸಂಜೆಯೊಳಗೇ ಕಂಪ್ಲೇಂಟುಗಳು ಕಡಿಮೆಯಾದವು. ಜನ ಅವಳಿಗೆ ಹೆದರುತ್ತಾರೆ.

ಸಿಂಚನ ಅರ್ಜಿಯಲ್ಲಿ ರೈತರ ಕೋಟಾಗೂ ಗುರುತು ಹಾಕಿದ್ದಾಳೆ. ನಾನು ಒಪ್ಪಿಗೆ ಕೊಟ್ಟಿರಲಿಲ್ಲವಲ್ಲ ಅಂದರೆ, "ನೋಡೋಣ ಅಂದ್ರೆ ಬೇಡ ಅಂತಲ್ಲವಲ್ಲಪ್ಪಾ," ಅನ್ನುತ್ತಾಳೆ. ಮಾತಿನಲ್ಲಿ ಅವರಜ್ಜಿಯನ್ನೇ ಮೀರಿಸುತ್ತಾಳೆ.

ಮಾರ್ಚ್ 1, ಶನಿವಾರ

ಇವತ್ತಿನಿಂದ ಸಿಂಚನಳ ಪಿಯು ಪರೀಕ್ಷೆ. ಬೈಕಿನಲ್ಲಿ ಬಿಟ್ಟುಬಂದೆ. ನಮ್ಮ ಮೇಷ್ಟ್ರು ನನಗೆ ಹೇಳಿದ್ದನ್ನೇ ದಾರಿಯುದ್ದಕ್ಕೂ ಅವಳಿಗೆ ಹೇಳಿದೆ: "ಗೊತ್ತಿರೋದನ್ನ ಮೊದ್ಲು ಬರಿ. ಗೊತ್ತಿಲ್ಲದ್ದನ್ನ ಬಿಟ್ಟು ಮುಂದಕ್ಕೋಗು, ಕೊನೇಲಿ ಬಂದು ನೋಡ್ಕೊ." ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಾನು ದಡ ಸೇರಿದ್ದೇ ಆ ಮಂತ್ರದಿಂದ. ಮೊದಲ ಪುಟದಲ್ಲಿ ಒಂದೂ ಬರಲಿಲ್ಲ, ಹಿಂದಿನ ಪುಟದಿಂದ ಶುರು ಮಾಡಿ ಹೇಗೋ ಮೂವತ್ತೈದು ದಾಟಿದೆ. ನಮ್ಮ ಕಡೆಯ ಸ್ಕೂಲುಗಳಲ್ಲಿ ಓದಿದವರೆಲ್ಲ ಪರೀಕ್ಷೆ ಬರೆಯುವುದು ಹೀಗೆಯೇ. ಸಿಂಚನ ಹೂಂ ಹೂಂ ಅಂದಳು. ಹೆಲ್ಮೆಟ್ಟಿನೊಳಗೆ ಕೇಳಿಸಿತೋ ಇಲ್ಲವೋ.

ಮಾರ್ಚ್ 12, ಬುಧವಾರ

ಸಬ್‌ನೆಟ್ ಅರ್ಥವಾಯಿತು!

ಹೇಗೆ ಅಂದರೆ, ಅಮ್ಮ ಹಿತ್ತಲಿನಲ್ಲಿ ಕೊತ್ತಂಬರಿಗೆ ಮಡಿ ಮಾಡುತ್ತಿದ್ದರು. ನಾನು ಪುಸ್ತಕ ಹಿಡಿದು ಪಕ್ಕದಲ್ಲಿ ಕೂತು ತಲೆ ಕೆರೆದುಕೊಳ್ಳುತ್ತಿದ್ದೆ. ಒಂದು ದೊಡ್ಡ ಮಡಿಯನ್ನು ಎರಡು ಮಾಡಿದರು, ಎರಡನ್ನು ನಾಲ್ಕು ಮಾಡಿದರು. ಪ್ರತಿ ಮಡಿಗೂ ಈ ತುದಿಗೊಂದು ಆ ತುದಿಗೊಂದು ಬದು. ಬದುವಿನ ಮೇಲೆ ಬೀಜ ಹಾಕುವ ಹಾಗಿಲ್ಲ. ಮಡಿ ಜಾಸ್ತಿ ಮಾಡಿದಷ್ಟೂ ಬದುವಿಗೆ ಜಾಗ ಜಾಸ್ತಿ ಹೋಗುತ್ತದೆ. ಸಬ್‌ನೆಟ್ಟಿನಲ್ಲೂ ಅಷ್ಟೇ ಇರುವುದು. ಪ್ರತಿ ಗುಂಪಿನ ಮೊದಲ ವಿಳಾಸ, ಕೊನೆಯ ವಿಳಾಸ ಯಾರಿಗೂ ಕೊಡುವ ಹಾಗಿಲ್ಲ, ಅವು ಬದು. ಅಕ್ಷತ ಮೇಡಂ ಮೂರು ವಾರ ಹೇಳಿದ್ದು ಇದನ್ನೇ. ಸಂತೋಷಕ್ಕೆ ಅಮ್ಮನ ಕೈಯಿಂದ ಗುದ್ದಲಿ ಇಸಿದುಕೊಂಡು ಉಳಿದ ಮಡಿ ನಾನೇ ಮಾಡಿದೆ. ಇವನಿಗೇನು ಬಂತು ಇವತ್ತು ಅನ್ನುವ ಹಾಗೆ ಅಮ್ಮ ನೋಡುತ್ತಿದ್ದರು.

ಮಾರ್ಚ್ 20, ಗುರುವಾರ

ಸಿಂಚನಳ ಪರೀಕ್ಷೆ ಮುಗಿಯಿತು. ನನ್ನದು ಮುಂದಿನ ಶುಕ್ರವಾರಕ್ಕೆ ಬುಕ್ ಮಾಡಿದೆ. ಅಭ್ಯಾಸದಲ್ಲಿ ಎಪ್ಪತ್ತರ ಹತ್ತಿರ ಬರುತ್ತಿದೆ. ಪಾಸಾಗಲು ಎಂಬತ್ತು ಬೇಕು. ಅವತ್ತಿನ ದಿನ ದೇವರು ಒಂದಿಷ್ಟು ಕೊಡುತ್ತಾನೆ ಬಿಡು.

ಮಾರ್ಚ್ 28, ಶುಕ್ರವಾರ

ಫೇಲ್.

ಮನೆಯಲ್ಲಿ ರಿಸಲ್ಟ್ ಇನ್ನೂ ಬಂದಿಲ್ಲ ಅಂದಿದ್ದೇನೆ. ನಾಡಿದ್ದು ಯುಗಾದಿ. ಹಬ್ಬ ಕಳೆಯಲಿ, ಆಮೇಲೆ ಹೇಳಿದರಾಯಿತು.

ಮಾರ್ಚ್ 29, ಶನಿವಾರ

ನಿನ್ನೆ ಬರೆಯಲು ಕೈ ಬರಲಿಲ್ಲ.

ಹೊಸಕೋಟೆಯಲ್ಲಿ ಬೈಕ್ ನಿಲ್ಲಿಸಿ ಬಸ್ಸು ಹತ್ತಿದೆ. ಪರೀಕ್ಷೆ ಮಾಡುವ ಆಫೀಸು ಬೆಂಗಳೂರಿನ ಒಂದು ಗಾಜಿನ ಕಟ್ಟಡದಲ್ಲಿ. ವಾಚು, ಪರ್ಸು, ಅಮ್ಮ ಕಟ್ಟಿದ್ದ ಕುಂಕುಮದ ಪೊಟ್ಟಣ ಎಲ್ಲ ಬಿಚ್ಚಿಸಿ ಲಾಕರಿನಲ್ಲಿ ಇಡಿಸಿದರು. ಕಂಪ್ಯೂಟರ್ ಮುಂದೆ ಕೂತೆ. ಮೊದಲು ಏನೇನೋ ಸೂಚನೆಗಳು ಬಂದವು, ಇಂಗ್ಲಿಷಿನಲ್ಲಿ, ಉದ್ದುದ್ದ. ಫೋನಿನಲ್ಲಿ ಎಲ್ಲರೂ ಮಾಡುವ ಹಾಗೆ ಓದದೆ ಒತ್ತಿಕೊಂಡು ಹೋದೆ.

ಮೊದಲನೆಯ ಪ್ರಶ್ನೆ ಕಷ್ಟ. ಮೇಷ್ಟ್ರು ನೆನಪಾದರು. ಏನೋ ಒಂದಕ್ಕೆ ಚುಕ್ಕಿ ಹಾಕಿ ಮುಂದಕ್ಕೆ ಹೋದೆ, ಕೊನೆಯಲ್ಲಿ ಬಂದು ಸರಿಯಾಗಿ ನೋಡೋಣ ಅಂತ. ಎರಡನೆಯದೂ ಕಷ್ಟ, ಮುಂದಕ್ಕೆ. ಆಮೇಲೆ ಗೊತ್ತಿರುವುದು ಬಂತು, ಆರಾಮಾಗಿ ಬರೆದೆ. ಹೀಗೆಯೇ ಬಿಟ್ಟುಕೊಂಡು ಬರೆದುಕೊಂಡು ಕೊನೆ ತಲುಪಿದಾಗ ಇನ್ನೂ ಬೇಕಾದಷ್ಟು ಟೈಮು ಉಳಿದಿತ್ತು. ಪರವಾಗಿಲ್ಲ ವೇಣು, ಗೆದ್ದೆ ಅಂದುಕೊಂಡು ಬಿಟ್ಟ ಪ್ರಶ್ನೆಗಳಿಗೆ ಹಿಂದಕ್ಕೆ ಹೋಗುವ ಬಟನ್ ಹುಡುಕಿದೆ. ಇಲ್ಲ. ಮೇಲೆ ನೋಡಿದೆ, ಕೆಳಗೆ ನೋಡಿದೆ. ಕೈ ಎತ್ತಿದೆ. ಅಲ್ಲಿದ್ದ ಹುಡುಗ ಬಂದು ಪಿಸುಮಾತಿನಲ್ಲಿ ಹೇಳಿದ, ಈ ಪರೀಕ್ಷೆಯಲ್ಲಿ ಹಿಂದಕ್ಕೆ ಹೋಗುವ ಹಾಗಿಲ್ಲ ಸರ್, ಶುರುವಿನಲ್ಲೇ ಸೂಚನೆ ಇತ್ತಲ್ಲ.

ಉತ್ತರ ಗೊತ್ತಿದ್ದ ಪ್ರಶ್ನೆಗಳೂ ಅದರಲ್ಲಿದ್ದವು. ಸ್ವಲ್ಪ ಯೋಚಿಸಿದ್ದರೆ ಬರುತ್ತಿದ್ದವು. ಉಳಿದ ಟೈಮಿನಲ್ಲಿ ಸುಮ್ಮನೆ ಪರದೆ ನೋಡಿಕೊಂಡು ಕೂತಿದ್ದೆ. ಹೊರಗೆ ಬಂದರೆ ಹಾಳೆಯಲ್ಲಿ ಪ್ರಿಂಟ್ ಮಾಡಿ ಕೊಟ್ಟರು. ಅಷ್ಟು ಅಗ್ಗಕ್ಕೆ ಫೇಲಾದೆನಲ್ಲ ಅಂತ ಅಳು ಬಂತು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಬಂದೆ.

ಮಾರ್ಚ್ 31, ಸೋಮವಾರ

ಇವತ್ತು ಹೊಸತೊಡಕು. ಯುಗಾದಿ ಮಾರನೆಯ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಅನ್ನುತ್ತಾರೆ. ಅದಕ್ಕೇ ಬೆಳಿಗ್ಗೆಯಿಂದ ಮಟನ್ ಅಂಗಡಿ ಮುಂದೆ ಕ್ಯೂ, ವರ್ಷವೆಲ್ಲ ಬಾಡೂಟ ಸಿಗಲಿ ಅಂತ.

ಮುದ್ದೆ ಬಡಿಸುವಾಗ ಅಮ್ಮ ಕೇಳಿದರು, ಆ ರಿಸಲ್ಟು ಬಂತೇನಪ್ಪಾ ಅಂತ. ಇನ್ನೂ ಇಲ್ಲಮ್ಮ ಅನ್ನಲು ಬಾಯಿ ತೆರೆದೆ. ಬಿಂದು ಸಾರಿನ ಸೌಟು ಹಿಡಿದುಕೊಂಡೇ ಹೇಳಿದಳು: "ಹೊಸತೊಡಕಿನ ದಿನ ಸುಳ್ಳು ಹೇಳ್ಬೇಡಿ ಕಣ್ರೀ. ವರ್ಷವೆಲ್ಲ ಹೇಳ್ಬೇಕಾಗುತ್ತೆ."

ಅವಳಿಗೆ ಶುಕ್ರವಾರವೇ ಗೊತ್ತಾಗಿತ್ತಂತೆ. ಪಾಸಾಗಿದ್ದರೆ ಹೊಸಕೋಟೆಯಿಂದ ಸ್ವೀಟು ಬರುತ್ತಿತ್ತು, ಖಾಲಿ ಕೈಯಲ್ಲಿ ಬಂದಿರಿ ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗಾಯಿತು ನನ್ನ ಪಾಡು. ಫೇಲಾದೆ ಅಂದೆ. ಹೇಗೆ ಆಯಿತು ಅಂತಲೂ ಹೇಳಿದೆ. ಯಾರೂ ಬೈಯಲಿಲ್ಲ. ಸಿಂಚನ ಮಾತ್ರ, "ಅಯ್ಯೋ, ನಂಗೂ ಹಾಗೇ ಬರಿ ಅಂತ ಹೇಳಿದ್ಯಲ್ಲಪ್ಪಾ," ಅಂದು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಕ್ಕಳು. ಆಮೇಲೆ ನಾನೂ ನಕ್ಕೆ. ಮೂರು ದಿನದಿಂದ ಸರಿಯಾಗಿ ಉಣ್ಣದವನು ಇವತ್ತು ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ವರ್ಷವೆಲ್ಲ ಅದನ್ನೇ ಮಾಡುವ ಹಾಗಿದ್ದರೆ ಓದುವುದನ್ನೂ ಇವತ್ತೇ ಮಾಡಿಬಿಡೋಣ ಅಂತ ಪುಸ್ತಕ ತೆರೆದು ಎರಡು ಪುಟ ಓದಿದೆ.

ಏಪ್ರಿಲ್ 6, ಭಾನುವಾರ

ಅಕ್ಷತ ಮೇಡಂ ತಲೆ ಮೇಲೆ ಕೈ ಹೊತ್ತುಕೊಂಡರು. ಹಿಂದಕ್ಕೆ ಹೋಗುವ ಹಾಗಿಲ್ಲ ಅಂತ ಅವರು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡಿದ್ದರಂತೆ. ನಾನು ಕೇಳಿರಲಿಲ್ಲ, ಎಲ್ಲ ಪರೀಕ್ಷೆಯೂ ಒಂದೇ ಅಂದುಕೊಂಡಿದ್ದೆ. ಸಾರಿ ಕೇಳಿದರು. ಬೇಡ ಮೇಡಂ ಅಂದೆ.

ಅವರು ಹೇಳಿದ್ದು ಇಷ್ಟು: ಪ್ರಶ್ನೆ ಬಂದಾಗ ಅಲ್ಲೇ ನಿಂತು ಯೋಚಿಸಬೇಕು, ಗೊತ್ತಿದ್ದಷ್ಟರಲ್ಲಿ ಒಂದು ತೀರ್ಮಾನಕ್ಕೆ ಬರಬೇಕು, ಮುಂದಕ್ಕೆ ಹೋಗಬೇಕು, ಆಮೇಲೆ ಅದನ್ನು ಮರೆಯಬೇಕು. "ನಿಮಗೆ ವಿಷಯ ಗೊತ್ತಿದೆ ಅಂಕಲ್. ತೀರ್ಮಾನ ಮಾಡೋಕೆ ಭಯ ಅಷ್ಟೆ." ಇಪ್ಪತ್ತೈದರ ಹುಡುಗಿ ನಲವತ್ತಮೂರರವನಿಗೆ ಹೇಳುವ ಮಾತಾ ಇದು? ನಂದಗುಡಿವರೆಗೂ ಬೈಕಿನಲ್ಲಿ ಸಿಡಿಮಿಡಿ ಮಾಡಿಕೊಂಡು ಬಂದೆ. ನನಗೇನು ಭಯ. ಹನ್ನೊಂದು ಸಾವಿರ ವೋಲ್ಟಿನ ಲೈನಿನ ಪಕ್ಕದಲ್ಲಿ ನಿಂತು ಕೆಲಸ ಮಾಡಿದವನು ನಾನು.

ಏಪ್ರಿಲ್ 17, ಗುರುವಾರ

ಬೆಳಿಗ್ಗೆ ಬಸ್ ಸ್ಟ್ಯಾಂಡ್ ಬೀದಿಯ ಇಂಟರ್ನೆಟ್ಟೆಲ್ಲ ಒಟ್ಟಿಗೆ ಮಲಗಿತು. ಎಲ್ಲಾ ಆಫ್ ಮಾಡಿ ಆನ್ ಮಾಡೋಣ ಅಂದ ಮಂಜೇಶ. ಅದು ನಾನೇ ಕಲಿಸಿದ ವಿದ್ಯೆ. ತಾಳು ಅಂದೆ. ಪೆಟ್ಟಿಗೆ ತೆರೆದು ನೋಡಿದರೆ, ಬೀದಿಯ ವೈರುಗಳೆಲ್ಲ ಬಂದು ಸೇರುವ ಸ್ವಿಚ್ಚಿನ ದೀಪಗಳೆಲ್ಲ ಹುಚ್ಚು ಹಿಡಿದ ಹಾಗೆ ಮಿಣುಕುತ್ತಿದ್ದವು. ಓದಿದ್ದು ಇದನ್ನೇ: 'ಲೂಪ್'. ಎಲ್ಲೋ ಯಾರೋ ಒಂದೇ ವೈರಿನ ಎರಡು ತುದಿಯನ್ನೂ ಒಂದೇ ಪೆಟ್ಟಿಗೆಗೆ ಸಿಕ್ಕಿಸಿದರೆ ಕಳಿಸಿದ್ದು ಹೊರಗೆ ಹೋಗದೆ ಗೂಟ ಸುತ್ತುವ ಕರುವಿನ ಹಾಗೆ ಅಲ್ಲೇ ಸುತ್ತುತ್ತಾ ಎಲ್ಲರ ದಾರಿಯನ್ನೂ ಕಟ್ಟಿಹಾಕುತ್ತದೆ. ಒಂದೊಂದೇ ವೈರು ಕಿತ್ತು ನೋಡಿದೆ. ಆಂಜಿನಪ್ಪನ ಅಂಗಡಿಯದು ಕಿತ್ತಾಗ ದೀಪಗಳು ಶಾಂತವಾದವು. ಹೋಗಿ ನೋಡಿದರೆ, ಆಂಜಿನಪ್ಪ ಅಂಗಡಿ ಗುಡಿಸುವಾಗ ನೆಲದ ಮೇಲೆ ಬಿದ್ದಿದ್ದ ವೈರಿನ ತುದಿ ಅಸಹ್ಯ ಕಾಣುತ್ತದೆ ಅಂತ ಅದರ ಇನ್ನೊಂದು ತುದಿ ಇದ್ದ ಪೆಟ್ಟಿಗೆಯಲ್ಲೇ ಖಾಲಿ ತೂತು ನೋಡಿ ಸಿಕ್ಕಿಸಿದ್ದಾನೆ.

ನೆಟ್ ಯಾವಾಗ ಬರುತ್ತದೆ ಅಂತ ಕೇಳಿದ. ಈಗ ಅಂದೆ. ಅವನು ನನ್ನನ್ನೇ ನೋಡುತ್ತಾ ನಿಂತ.

ಹೇಗೂ ಆ ಕಡೆ ಹೋಗಿದ್ದೆನಲ್ಲ, ಹಾಗೆಯೇ ನಾಡಕಚೇರಿಗೆ ಹೋಗಿ ಸಿಂಚನಳ ಸರ್ಟಿಫಿಕೇಟಿಗೆ ಅರ್ಜಿ ಕೊಟ್ಟು ಬಂದೆ. ಹತ್ತು ನಿಮಿಷದ ಕೆಲಸ. ಇಷ್ಟಕ್ಕೆ ಫೆಬ್ರವರಿಯಿಂದ ಕಾಟ ಕೊಡುತ್ತಿದ್ದಳು.

ಏಪ್ರಿಲ್ 27, ಭಾನುವಾರ

ಮನೆಯ ಜಗಲಿ ಈಗ ಸ್ಕೂಲಾಗಿದೆ. ಸಿಂಚನಳ ಪ್ರಾಯೋಗಿಕ ಪರೀಕ್ಷೆಗೆ ಅಮ್ಮನೇ ಮೇಷ್ಟ್ರು. ಮೊರದಲ್ಲಿ ಎಲ್ಲ ಕಾಳನ್ನೂ ಕಲಸಿ ಇಟ್ಟುಕೊಂಡಿರುತ್ತಾರೆ: ರಾಗಿ, ನವಣೆ, ಸಾಮೆ, ಹುಚ್ಚೆಳ್ಳು, ಹರಳು, ಹೆಸರು, ಹುರುಳಿ, ಅಲಸಂದೆ. ಒಂದು ಕಾಳು ಎತ್ತಿ ಹಿಡಿಯುತ್ತಾರೆ. ಇವಳು ಹೆಸರು ಹೇಳಬೇಕು. ಹೇಳಿದರೂ ಹೇಳದಿದ್ದರೂ ಕಾಳು ವಾಪಸ್ ಮೊರಕ್ಕೆ ಬೀಳುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಇವಳು ಸಾಮೆಯನ್ನು ನವಣೆ ಅಂದು, "ತಾಳಜ್ಜಿ, ಇನ್ನೊಂದ್ಸಲ ತೋರಿಸು," ಅಂತ ರಾಗ ಎಳೆದಳು.

"ಹೋದ ಕಾಳು ಹೋಯ್ತು ಕಣೇ. ಕೈಲಿರೋದು ನೋಡು," ಅಂದರು ಅಮ್ಮ.

ನಾನೂ ಪಕ್ಕದಲ್ಲಿ ಕೂತೆ. ಅಮ್ಮ ಅವಳಿಗೆ ಕಾಳು ತೋರಿಸುತ್ತಾರೆ, ಅವಳು ನನಗೆ ಪುಸ್ತಕದಿಂದ ಪ್ರಶ್ನೆ ಕೇಳುತ್ತಾಳೆ. ನನಗೂ ಅದೇ ಕಾನೂನು. ಅಮ್ಮನಿಗೆ ನನ್ನ ಪ್ರಶ್ನೆ ಒಂದಕ್ಷರ ಅರ್ಥವಾಗುವುದಿಲ್ಲ, ಆದರೂ ನಾನು ತಡವರಿಸಿದರೆ ನನ್ನ ಮೊಣಕಾಲಿಗೆ ಒಂದು ಪೆಟ್ಟು ಬೀಳುತ್ತದೆ. ಮೊದಮೊದಲು ಹತ್ತರಲ್ಲಿ ಆರು ತಪ್ಪಾಗುತ್ತಿತ್ತು. ಸಾಯಂಕಾಲದ ಹೊತ್ತಿಗೆ ಮೊಣಕಾಲು ಕೆಂಪಗಾಗಿ ತಪ್ಪು ಕಡಿಮೆಯಾಯಿತು.

ಹಾಲಿಗೆ ಬಂದ ಆಂಜಿನಪ್ಪ ಇದನ್ನು ನೋಡಿ, ಭೂಮಿ ಇರುತ್ತೋ ಇಲ್ಲವೋ, ಮಗು ಕೃಷಿ ಓದಿ ಏನು ಮಾಡುತ್ತೆ ಅಂದ. ಅಮ್ಮ ತಲೆ ಎತ್ತಲಿಲ್ಲ. "ಭೂಮಿ ಹೋದ್ರೆ ಕಾಳಿನ ಹೆಸರೂ ಮರೀಬೇಕೇನಪ್ಪಾ?" ಅಂದರು. ಅವನು ಹಾಲು ಇಸಿದುಕೊಂಡು ಹೋದ. ಈ ಮಾತು ನನಗೆ ನಾಟಿತು. ನಾನೂ ಮನಸ್ಸಿನಲ್ಲಿ ಆಂಜಿನಪ್ಪನ ಪ್ರಶ್ನೆಯನ್ನೇ ಕೇಳಿಕೊಂಡಿದ್ದೆ.

ಮೇ 12, ಸೋಮವಾರ

ಬೆಂಗಳೂರಿನಿಂದ ಒಬ್ಬ ಹುಡುಗ ಬಂದು ನಮ್ಮ ಕಂಟ್ರೋಲ್ ರೂಮ್ ನೋಡಿಕೊಂಡು ಹೋದ. ನಾನು ಪಾಸಾಗದಿದ್ದರೆ ಬರುವವನು ಅವನೇ. ಕೆಟ್ಟವನಾಗಿದ್ದರೆ ಬೈದುಕೊಂಡು ಸಮಾಧಾನ ಮಾಡಿಕೊಳ್ಳಬಹುದಿತ್ತು, ಒಳ್ಳೆಯ ಹುಡುಗ. ಚಪ್ಪಲಿ ಹೊರಗೆ ಬಿಟ್ಟು ಬಂದ. ಮಂಜೇಶ ಅವನಿಗೆ ಟೀ ತಂದುಕೊಟ್ಟು ನನ್ನ ಕಡೆ ನೋಡಲಾರದೆ ನಿಂತಿದ್ದ.

ಪರೀಕ್ಷೆ ಯಾವಾಗ ಅಂತ ಕಂಪನಿಯ ಮ್ಯಾನೇಜರ್ ಫೋನ್ ಮಾಡಿದರು. ಇಪ್ಪತ್ತಮೂರಕ್ಕೆ ಅಂದೆ. ಹಾಗೆ ಹೇಳಿದ ಮೇಲೆ ಕೂತು ಬುಕ್ ಮಾಡಿದೆ.

ಸಿಂಚನ ಪ್ರಾಯೋಗಿಕ ಪರೀಕ್ಷೆ ಮುಗಿಸಿ ಬಂದಳು. ಕಾಳುಗಳನ್ನೆಲ್ಲ ಗುರುತಿಸಿದಳಂತೆ, ಕಳೆ ಕೀಳುವ ಯಾವುದೋ ಯಂತ್ರದ ಹೆಸರು ಮಾತ್ರ ಬರಲಿಲ್ಲವಂತೆ. ಅಜ್ಜಿಗೆ ಅದೊಂದು ಅವಮಾನ.

ಮೇ 22, ಗುರುವಾರ

ಭಯ ಆಗುತ್ತಿದೆ. ಬರೆದೇ ಬಿಟ್ಟೆ.

ಮೇ 23, ಶುಕ್ರವಾರ

ಪಾಸ್! ಪಾಸ್! ಪಾಸ್!

ಅಕ್ಷರ ನೋಡಿದರೆ ಕೋಳಿ ಕೆದಕಿದ ಹಾಗಿದೆ. ಇರಲಿ. ಕ್ರಮವಾಗಿ ಬರೆಯುತ್ತೇನೆ.

ಅದೇ ಗಾಜಿನ ಕಟ್ಟಡ, ಅದೇ ಲಾಕರ್, ಅದೇ ಹುಡುಗ. ಈ ಸಲ ಸೂಚನೆಗಳನ್ನು ಒಂದಕ್ಷರ ಬಿಡದೆ ಓದಿದೆ. ಮೊದಲನೆಯ ಪ್ರಶ್ನೆ ಈ ಸಲವೂ ಕಷ್ಟವೇ. ಬಿಟ್ಟು ಹೋಗಲು ಬೆರಳು ತಾನಾಗಿ ಮೌಸಿನ ಮೇಲೆ ಹೋಯಿತು. ಅಲ್ಲೇ ನಿಂತೆ. ಎರಡು ಉತ್ತರ ಸರಿಯಿಲ್ಲ ಅನ್ನುವುದು ಖಂಡಿತ ಗೊತ್ತಿತ್ತು. ಉಳಿದ ಎರಡರಲ್ಲಿ ಯೋಚಿಸಿ ಒಂದಕ್ಕೆ ಚುಕ್ಕಿ ಹಾಕಿದೆ. ಹೋದ ಕಾಳು ಹೋಯ್ತು, ಕೈಲಿರೋದು ನೋಡು. ಆಮೇಲೆ ಒಂದರ ಹಿಂದೆ ಒಂದು ಬಂದವು. ಲೂಪಿನ ಪ್ರಶ್ನೆ ಬಂದಾಗ ಆಂಜಿನಪ್ಪನ ಪೊರಕೆ ನೆನಪಾಗಿ ಒಬ್ಬನೇ ನಕ್ಕೆ. ಮಧ್ಯೆ ಮೂರು ಪ್ರಶ್ನೆ ಏನೇನೂ ತಿಳಿಯಲಿಲ್ಲ. ಅವಕ್ಕೂ ನನಗೆ ತೋಚಿದ್ದನ್ನು ಕೊಟ್ಟು ಮುಂದಕ್ಕೆ ಹೋದೆ. ಮುಗಿಸಿದಾಗ ಟೈಮು ಹೆಚ್ಚೇನೂ ಉಳಿದಿರಲಿಲ್ಲ. ಹಿಂದಕ್ಕೆ ಹೋಗುವ ಬಟನ್ ಹುಡುಕಲಿಲ್ಲ.

ರಿಸೆಪ್ಷನ್ ಹುಡುಗಿ ಹಾಳೆಯನ್ನು ಮಗುಚಿ ಕೊಟ್ಟಳು. ತಿರುಗಿಸಲು ಧೈರ್ಯ ಬರಲಿಲ್ಲ. ಮೆಟ್ಟಿಲವರೆಗೆ ಹೋಗಿ ಕೂತು ತಿರುಗಿಸಿದೆ. ಪಾಸ್ ಅಂತಿತ್ತು. ಮೇಲಿನ ಹೆಸರು ನನ್ನದೇನಾ ಅಂತ ನೋಡಿದೆ. ನನ್ನದೇ. ಎದೆ ಮೇಲೆ ಹೇರಿದ್ದ ಚಪ್ಪಡಿ ಕಲ್ಲು ಯಾರೋ ಎತ್ತಿಟ್ಟ ಹಾಗಾಯಿತು. ಎಷ್ಟು ಹೊತ್ತು ಅಲ್ಲಿ ಕೂತಿದ್ದೆನೋ, ಸೆಕ್ಯುರಿಟಿಯವನು ಬಂದು, "ಏನ್ ಗುರು, ಹುಷಾರಿದೀಯಾ?" ಅಂತ ಕೇಳಿದ. ಅವನಿಗೆ ಹಾಳೆ ತೋರಿಸಿದೆ. ಮೊದಲು ಗೊತ್ತಾದದ್ದು ಅವನಿಗೇ. ಅವನ ಹೆಸರೂ ಕೇಳಲಿಲ್ಲ ನಾನು.

ಅಕ್ಷತ ಮೇಡಂಗೆ ಫೋನ್ ಮಾಡಿದೆ. ಅವರು ಅಳುತ್ತಾ ಕಂಗ್ರಾಟ್ಸ್ ವೇಣು ಸರ್ ಅಂದರು. ಅಂಕಲ್ ಅನ್ನಲಿಲ್ಲ. ಮ್ಯಾನೇಜರಿಗೆ ಹಾಳೆಯ ಫೋಟೋ ಕಳಿಸಿದೆ. ನೀವೇ ಮುಂದುವರಿಯಿರಿ ಅಂತ ಮೆಸೇಜು ಬಂತು. ಮಂಜೇಶ ಫೋನಿನಲ್ಲೇ ಶಿಳ್ಳೆ ಹಾಕಿದ.

ಮನೆಗೆ ಮಾತ್ರ ಫೋನ್ ಮಾಡಲಿಲ್ಲ. ಹೊಸಕೋಟೆಯಲ್ಲಿ ಸ್ವೀಟು ಕಟ್ಟಿಸಿದೆ. ಬೈಕು ನಿಲ್ಲಿಸುವಾಗ ಬಿಂದು ಬಾಗಿಲಿಗೆ ಬಂದಳು. ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ಡಬ್ಬಿ ಕಂಡ ತಕ್ಷಣ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಒಂದು ಮಾತೂ ಆಡಬೇಕಾಗಲಿಲ್ಲ. ಅಮ್ಮ ದೃಷ್ಟಿ ತೆಗೆದರು. ನನಗೂ, ಹಾಳೆಗೂ.

ಮೇ 25, ಭಾನುವಾರ

ಕ್ಲಾಸಿಲ್ಲದ ಭಾನುವಾರ. ಬೆಳಿಗ್ಗೆ ಎದ್ದು ಓದಬೇಕಲ್ಲ ಅಂತ ಗಾಬರಿಯಾಗಿ, ಬೇಕಿಲ್ಲ ಅಂತ ನೆನಪಾಗಿ ಮತ್ತೆ ಮಲಗಿದೆ. ಎಷ್ಟು ಸುಖವಾದ ನಿದ್ದೆ ಅಂತೀರಿ. ಆಮೇಲೆ ಎದ್ದು ಊರ ಮುಂದಿನ ಮೊದಲ ಕಂಬದವರೆಗೆ ಸುಮ್ಮನೆ ನಡೆದುಕೊಂಡು ಹೋಗಿ ಬಂದೆ. ಕಂಬ ಸ್ವಲ್ಪ ವಾಲಿದೆ. ನಾಳೆ ಮಂಜೇಶನನ್ನು ಕರೆದುಕೊಂಡು ಹೋಗಿ ನೆಟ್ಟಗೆ ಮಾಡಬೇಕು.

ಮಧ್ಯಾಹ್ನ ಎಲ್ಲರೂ ಜಗಲಿಯಲ್ಲಿ ಕೂತಿದ್ದೆವು. ಸಿಇಟಿ ರಿಸಲ್ಟು ನಿನ್ನೆ ಬಂದಿದೆ, ಸಿಂಚನಳಿಗೆ ಎರಡು ಕಡೆಗೂ ಒಳ್ಳೆಯ ರ‍್ಯಾಂಕು. ಯಾವ ಸೀಟು ಮೊದಲು ಬೇಕು ಅಂತ ಕಂಪ್ಯೂಟರಿನಲ್ಲಿ ತುಂಬಬೇಕಂತೆ. ಅವಳು ಪೆನ್ನಿನ ತುದಿ ಕಚ್ಚುತ್ತಾ, ನನ್ನ ಮುಖ ನೋಡದೆ ಕೇಳಿದಳು: "ಅಪ್ಪಾ, ಮೊದಲು ಇಂಜಿನಿಯರಿಂಗ್ ಹಾಕ್ಲಾ, ಕೃಷಿ ಹಾಕ್ಲಾ?"

"ಕೃಷಿ ಹಾಕು. ಮುಂದಿನದು ಕೇಳು," ಅಂದೆ.

ಅಮ್ಮನ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. ಬಿಂದು ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಗಿರ ಏನೂ ಇಲ್ಲ. ಸಿಂಚನ ಮಾತ್ರ ಬಂದು ಕುತ್ತಿಗೆಗೆ ಜೋತುಬಿದ್ದಳು, ಚಿಕ್ಕವಳಿದ್ದಾಗ ಬೀಳುತ್ತಿದ್ದ ಹಾಗೆ. ಏನಾಯಿತು ಇವರಿಗೆಲ್ಲ? ಪ್ರಶ್ನೆ ಕೇಳಿದಳು, ಉತ್ತರ ಹೇಳಿದೆ. ಆಂಜಿನಪ್ಪನಿಗೆ ಏನು ಹೇಳುತ್ತೀರಿ ಅಂತ ಬಿಂದು ಕೇಳಿದಳು. ಮಗಳು ಕೃಷಿ ಓದುತ್ತಾಳೆ ಅಂತ ಹೇಳುತ್ತೇನೆ, ಇನ್ನೇನು ಹೇಳಲಿ ಅಂದೆ.

ಪರೀಕ್ಷೆ ಮುಗಿಯಿತು, ಇನ್ನು ಈ ಡೈರಿಯ ಕೆಲಸವೂ ಮುಗಿದಂತೆ. ಉಳಿದ ಹಾಳೆಗಳನ್ನು ಬಿಂದು ಕಂಪ್ಲೇಂಟು ಬರೆದುಕೊಳ್ಳಲು ಕೇಳಿದ್ದಾಳೆ. ಜನವರಿಯಲ್ಲಿ ಏನನ್ನೋ ಆಮೇಲೆ ಬರೆಯುತ್ತೇನೆ ಅಂತ ಬಿಟ್ಟಿದ್ದ ನೆನಪು. ಏನು ಅಂತ ಹೊಳೆಯುತ್ತಿಲ್ಲ. ಹೋಗಲಿ, ಹೋದ ಕಾಳು ಹೋಯ್ತು.